ಪಾರ್ಕಿಗೆ ಮಷಿನ್ ಬೇಕಾ? ಮೊದಲು ನೀರು ಬರಲಿ
ಕ್ಯೂಆರ್ ಸ್ಕ್ಯಾನ್ ಮಾಡಿದರೆ ತಣ್ಣನೆ ಬಾಟಲಿ ಕೊಡುವ ಮಷಿನ್ ಮಾಲ್‌ನಲ್ಲಿ, ಆಫೀಸಿನಲ್ಲಿ ನೋಡಿರ್ತೀರಿ. ಅಂಥದ್ದು ನಮ್ಮೂರ ಪಾರ್ಕಿಗೂ ಬಂದರೆ? ಬ್ಯಾಸಗಿಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಬ್ಯಾಡ ಅನ್ನೋರು ಯಾರ್ರಿ! ಆದರೆ ಹೂಂ ಅನ್ನುವ ಮೊದಲು, ಒಳಗೆ ಏನಿರುತ್ತೆ ಅಂತ ಕೇಳಬೇಕು.

ಮಾಮೂಲಿ ಕೋಲಾದ 300 ಎಂಎಲ್‌ನಲ್ಲಿ ಸುಮಾರು 30 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೇದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾಕಿಂಗ್‌ನಲ್ಲಿ ಕರಗಿಸಿದ್ದು ಗೇಟ್ ದಾಟುವಷ್ಟರಲ್ಲಿ ವಾಪಸ್!

ನಮ್ಮದು ಕೃಷ್ಣೆ, ತುಂಗಭದ್ರೆಯರ ನಡುವಿನ ಸೀಮೆ. ಆದರೂ 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿನೀರು ಕುಡಿದು ಜನ ಪ್ರಾಣ ಕಳಕೊಂಡರು. ದೇವದುರ್ಗ, ಮಾನ್ವಿ ಕಡೆ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಕಾಟ. ಇಂಥಲ್ಲಿ ಪಾರ್ಕಿನೊಳಗೆ ನೀರಿಲ್ಲದೆ ಕೋಲಾ ಮಾತ್ರ ಸಿಕ್ಕರೆ, ಬಾಯಾರಿದ ಮಕ್ಕಳು ಅದನ್ನೇ ಕುಡಿಯುತ್ತವೆ. ದುಡ್ಡಿಲ್ಲದ ಮಕ್ಕಳು ನೋಡುತ್ತ ನಿಲ್ಲುತ್ತವೆ.

ಮಷಿನ್ ನಮಗೆ ಹೊಸದೇನಲ್ಲ. ಕಾಯಿನ್ ಹಾಕಿದರೆ ನೀರು ಕೊಡುವ ಶುದ್ಧ ಕುಡಿಯುವ ನೀರಿನ ಘಟಕಗಳು ಹಳ್ಳಿಗಳಲ್ಲೂ ಇವೆ. ಕೆಟ್ಟು ನಿಂತರೆ ಕೇಳೋರಿಲ್ಲ ಅನ್ನೋದೇ ತಕರಾರು. ಹಾಗಾಗಿ ಪಾರ್ಕಿಗೆ ಮೊದಲು ಕುಡಿಯುವ ನೀರು ಬರಲಿ, ಪಕ್ಕದಲ್ಲೇ ರಿಪೇರಿಯವರ ಫೋನ್ ನಂಬರ್ ಇರಲಿ. ಆಮೇಲೂ ಬಾಟಲಿ ಮಷಿನ್ ಬೇಕು ಅನ್ನಿಸಿದರೆ, ಗೇಟ್ ಹೊರಗಿನ ಲಿಂಬು ಸೋಡಾ, ಮಜ್ಜಿಗೆ ಗಾಡಿಯವರನ್ನೂ ಕೇಳಿ ತೀರ್ಮಾನಿಸಲಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅವರಿಗೂ ಜಾಗ ಕೊಟ್ಟಿದೆ.

ನಿಮ್ಮ ಪಾರ್ಕಿನಲ್ಲಿ ಕುಡಿಯೋ ನೀರು ಬರ್ತದಾ? ಇವತ್ತು ಸಂಜೆ ಒಮ್ಮೆ ನಲ್ಲಿ ತಿರುಗಿಸಿ ನೋಡ್ರಿ.