ರಕ್ತದ ಪರೀಕ್ಷೆಗಾಗಿ ಗಂಟು ಕಾಯುವುದಿಲ್ಲ

ಬರೀ ರಕ್ತ ಕೊಟ್ಟರೆ ಸ್ತನ ಕ್ಯಾನ್ಸರ್ ಗೊತ್ತಾಗುತ್ತದಂತೆ ಎಂಬ ಮಾತು ಈಗ ಚನ್ನಗಿರಿ, ಹೊನ್ನಾಳಿಯ ಮನೆಗಳಲ್ಲೂ ಕೇಳಿಬರುತ್ತಿದೆ. ಯಾರ ಮುಂದೆಯೂ ಬಟ್ಟೆ ಸರಿಸಬೇಕಿಲ್ಲ ಎನ್ನುವುದು ನಮ್ಮ ಸಹೋದರಿಯರಿಗೆ ಹಿತವೆನಿಸುವುದು ಸಹಜ. ಆದರೆ ಆ ಪರೀಕ್ಷೆಯನ್ನು ನಂಬಿ ಕೂರುವ ಕಾಲ ಇನ್ನೂ ಬಂದಿಲ್ಲ.

ಸುದ್ದಿಯ ಹಿಂದೆ ನಿಜವಾದ ವಿಜ್ಞಾನವಿದೆ. ನಮ್ಮ ಜೀವಕೋಶಗಳಲ್ಲಿ ಮೈಕ್ರೋ ಆರ್‌ಎನ್‌ಎ ಎಂಬ, ಸುಮಾರು 22 ಅಕ್ಷರಗಳಷ್ಟೇ ಉದ್ದದ ತುಣುಕುಗಳಿವೆ. ಯಾವ ಪ್ರೋಟೀನು ಎಷ್ಟು ತಯಾರಾಗಬೇಕೆಂಬುದಕ್ಕೆ ಇವು ಲಗಾಮು. 1993ರಲ್ಲಿ ಪುಟ್ಟ ಹುಳುವೊಂದರಲ್ಲಿ ಇವನ್ನು ಕಂಡ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಬಂತು. ಕ್ಯಾನ್ಸರ್ ಬಂದಾಗ ಇವುಗಳ ಪ್ರಮಾಣ ಏರುಪೇರಾಗುತ್ತದೆ. ಕೆಲವು ರಕ್ತಕ್ಕೂ ಸೇರಿ ಕೆಡದೆ ಹರಿಯುತ್ತಿರುತ್ತವೆ.

ತೊಡಕು ಇಲ್ಲಿದೆ. ಮಿರ್-21 ಎಂಬ ತುಣುಕು ಸ್ತನ ಕ್ಯಾನ್ಸರ್‌ನಲ್ಲಿ ಹೆಚ್ಚುತ್ತದೆ, ನಿಜ. ಶ್ವಾಸಕೋಶ, ಕರುಳಿನ ಕ್ಯಾನ್ಸರ್‌ನಲ್ಲೂ, ಬರಿಯ ಉರಿಯೂತದಲ್ಲೂ ಹೆಚ್ಚಬಹುದು. ತೆಗೆದ ರಕ್ತದಲ್ಲಿ ಕೆಂಪುಕಣ ಒಡೆದರೆ ಲೆಕ್ಕವೇ ತಪ್ಪುತ್ತದೆ. ಜಗಳೂರಿನಲ್ಲಿ ತೆಗೆದ ರಕ್ತ ಬೆಂಗಳೂರು ಸೇರುವಷ್ಟರಲ್ಲಿ ಏನಾದೀತು ಯೋಚಿಸಿ. ಒಂದು ಅಧ್ಯಯನದ ಪಟ್ಟಿ ಇನ್ನೊಂದಕ್ಕೆ ತಾಳೆಯಾಗುವುದೂ ಅಪರೂಪ. ಯಾರಾದರೂ ಇದನ್ನು ಪ್ಯಾಕೇಜಿಗೆ ಸೇರಿಸಿ ಮಾರಿದರೆ ಹಣ ಕೊಡಬೇಡಿ. ಗಂಟು ಎಂಥದೆಂದು ತೀರ್ಮಾನಿಸುವುದು ಇಂದಿಗೂ ಕೈಯ ತಪಾಸಣೆ, ಮ್ಯಾಮೊಗ್ರಾಂ ಅಥವಾ ಸ್ಕ್ಯಾನಿಂಗ್, ಕೊನೆಗೆ ಬಯಾಪ್ಸಿ.

ಕೈಯ ತಪಾಸಣೆಯನ್ನು ಹಗುರವಾಗಿ ಕಾಣಬೇಡಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ 20 ವರ್ಷ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರ ಮೇಲೆ ಅಧ್ಯಯನ ನಡೆಸಿದರು. ಅರ್ಧದಷ್ಟು ಮಂದಿಯನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು ಪರೀಕ್ಷಿಸಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ಕಿರಿಯರಲ್ಲಿ ಅಷ್ಟು ಲಾಭ ಕಾಣಲಿಲ್ಲ. ಯಂತ್ರವಿಲ್ಲ, ರಕ್ತವಿಲ್ಲ, ಹೆಣ್ಣಿನ ಕೈ, ಅಷ್ಟೇ. 30 ದಾಟಿದವರಿಗೆ ಈ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ನಮ್ಮ ಯುನಾನಿಯಲ್ಲಿ ಕ್ಯಾನ್ಸರ್‌ಗೆ ಸರತಾನ್, ಅಂದರೆ ಏಡಿ, ಎಂದೇ ಹೆಸರು. ಸ್ತನದಂಥ ಕಡೆ ಅದು ಚಿಕ್ಕದಿರುವಾಗಲೇ ಕತ್ತರಿಸಿ ತೆಗೆಯಬೇಕು, ಬಲಿತ ಮೇಲೆ ಗುಣಪಡಿಸಿದವರನ್ನು ತಾನು ಕಂಡಿಲ್ಲ ಎಂದು ಸಾವಿರ ವರ್ಷಗಳ ಹಿಂದೆ ಅಂದಲೂಸಿನ ಅಲ್-ಝಹ್ರಾವಿ ಬರೆದರು. ಅವರ ಪರಂಪರೆಯ ನಾವು ಮಾಜೂನ್, ಲೇಪ, ಹಿಜಾಮಾ ಎಂದು ತಿಂಗಳುಗಟ್ಟಲೆ ಕಳೆಯುವುದು ನನಗೆ ಒಪ್ಪಿಗೆಯಿಲ್ಲ.

ಹಯಾ ನಮ್ಮ ಈಮಾನಿಗೆ ಸೇರಿದ್ದು, ಅದನ್ನು ಬಿಡಿ ಎನ್ನುತ್ತಿಲ್ಲ. ಮಹಿಳಾ ವೈದ್ಯರೇ ಬೇಕೆಂದು ಕೇಳಿ. ಅಮ್ಮಿಯೋ ಅತ್ತೆಯೋ ಜೊತೆಗಿರಲಿ. ಅವರು ಸಿಗದಿದ್ದರೆ ಜರೂರತ್ತಿನಲ್ಲಿ ಪುರುಷ ವೈದ್ಯರಿಗೂ ತೋರಿಸಲು ಶರೀಅತ್ ಅನುಮತಿಸುತ್ತದೆ. ಸಂಶಯವಿದ್ದರೆ ನಿಮ್ಮ ಇಮಾಮರನ್ನೇ ಕೇಳಿ.

ಎದೆಯಲ್ಲೋ ಕಂಕುಳಲ್ಲೋ ಗಂಟು, ಒಳಸೇದಿದ ತೊಟ್ಟು, ತೊಟ್ಟಿನಿಂದ ರಕ್ತ, ಕಿತ್ತಳೆ ಸಿಪ್ಪೆಯಂತಾದ ಚರ್ಮ ಕಂಡರೆ ನೋವಿಲ್ಲವೆಂದು ಸುಮ್ಮನಿರಬೇಡಿ. ನ್ಯಾಮತಿಯವರಿಗೆ ಶಿವಮೊಗ್ಗ ಹತ್ತಿರ, ಜಗಳೂರಿನವರಿಗೆ ದಾವಣಗೆರೆ. ಆ ವಾರವೇ ಕರೆದುಕೊಂಡು ಹೋಗುವುದು ಮನೆಯ ಗಂಡಸರ ಕೆಲಸ.