ಕೈ ಎತ್ತದ ಮಕ್ಕಳು

1938ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ ಕ್ಯಾಂಟ್‌ವೆಲ್ ಎಂಬ ಅಪ್ಪ ಮತ್ತು ಅವನ ಇಬ್ಬರು ಗಂಡುಮಕ್ಕಳು ಗ್ರಾಮಫೋನ್ ಹೊತ್ತುಕೊಂಡು ಒಂದು ಕೇರಿಗೆ ಹೋದರು. ಕೇರಿಯ ತುಂಬ ಕ್ಯಾಥೊಲಿಕರು. ಒಬ್ಬ ಮಗ ದಾರಿಹೋಕರಿಬ್ಬರನ್ನು ನಿಲ್ಲಿಸಿ, ಒಂದು ರೆಕಾರ್ಡ್ ಹಾಕಲೇ ಎಂದು ಕೇಳಿದ. ಹಾಕು ಅಂದರು. ಅದರಿಂದ ಹೊರಟಿದ್ದು ಕ್ಯಾಥೊಲಿಕ್ ಚರ್ಚಿನ ಜನ್ಮ ಜಾಲಾಡುವ ಭಾಷಣ. ಕೇಳುತ್ತಿದ್ದವರಿಬ್ಬರೂ ಕ್ಯಾಥೊಲಿಕರೇ. ಅವರ ಮುಖ ಕೆಂಪಾದದ್ದು ನೋಡಿ ಹುಡುಗ ಸುಮ್ಮನೆ ಜಾಗ ಖಾಲಿ ಮಾಡಿದ. ಆದರೂ ಪೊಲೀಸರು ಮೂವರನ್ನೂ ಹಿಡಿದರು.

ಇವರು ‘ಯೆಹೋವನ ಸಾಕ್ಷಿಗಳು’ ಎಂಬ ಕ್ರೈಸ್ತ ಪಂಥದವರು. ಸೈನ್ಯ ಸೇರುವುದಿಲ್ಲ, ಓಟು ಹಾಕುವುದಿಲ್ಲ, ಕ್ರಿಸ್‌ಮಸ್ ಮಾಡುವುದಿಲ್ಲ. ರಜೆಯ ದಿನ ಬೆಳಿಗ್ಗೆ ಬಾಗಿಲು ಬಡಿದು ನಿಮ್ಮ ಧರ್ಮ ಸುಳ್ಳು ಎನ್ನುತ್ತಾರೆ. ನೆರೆಹೊರೆಯಲ್ಲಿ ಇಂಥವರಿದ್ದರೆ ನಾನೂ ಬಾಗಿಲು ಹಾಕಿಕೊಳ್ಳುತ್ತಿದ್ದೆನೇನೋ. ಆದರೆ ಅಮೆರಿಕದವರು ಇವತ್ತು ಎದೆಯುಬ್ಬಿಸಿ ಹೇಳಿಕೊಳ್ಳುವ ವ್ಯಕ್ತಿಸ್ವಾತಂತ್ರ್ಯದ ಒಂದು ದೊಡ್ಡ ಪಾಲನ್ನು ಕೋರ್ಟಿನಲ್ಲಿ ಹೋರಾಡಿ ಗಳಿಸಿಕೊಟ್ಟವರು ಇವರೇ. ಇನ್ನೊಬ್ಬರ ನಂಬಿಕೆಯ ಬಗ್ಗೆ ಎಳ್ಳಷ್ಟೂ ಸಹನೆಯಿಲ್ಲದವರು ಇಡೀ ದೇಶಕ್ಕೆ ಸಹನೆಯ ಕಾನೂನು ಕಲಿಸಿದರು.

ಕ್ಯಾಂಟ್‌ವೆಲ್ ಪ್ರಕರಣದಲ್ಲಿ 1940ರ ಮೇ 20ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಸಾಕ್ಷಿಗಳ ಪರ ನಿಂತಿತು. ಎರಡೇ ವಾರದಲ್ಲಿ ಅದೇ ಕೋರ್ಟ್ ಅದೇ ಜನರನ್ನು ಕೈಬಿಟ್ಟಿತು.

ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಕಲ್ಲಿದ್ದಲ ಗಣಿಗಳ ಊರು. ಅಲ್ಲಿ ವಾಲ್ಟರ್ ಗೋಬಿಟಸ್ ಎಂಬವರದು ದಿನಸಿ ಅಂಗಡಿ. 1935ರ ಶರತ್ಕಾಲ, ಮಗಳು ಲಿಲಿಯನ್‌ಗೆ ಹನ್ನೆರಡು ತುಂಬುವ ಹೊತ್ತು, ಮಗ ಬಿಲ್ಲಿಗೆ ಹತ್ತು. ಶಾಲೆಯಲ್ಲಿ ದಿನಾ ಬೆಳಿಗ್ಗೆ ಬಾವುಟದ ಮುಂದೆ ನಿಂತು ನಿಷ್ಠೆಯ ಪ್ರತಿಜ್ಞೆ ಹೇಳಬೇಕು, ಬಲಗೈಯನ್ನು ಬಾವುಟದತ್ತ ನೀಳವಾಗಿ ಚಾಚಬೇಕು. ಬಾವುಟವೂ ಒಂದು ವಿಗ್ರಹ, ವಿಗ್ರಹಕ್ಕೆ ನಮಿಸಬಾರದೆಂದು ಬೈಬಲ್ಲಿನ ಆಜ್ಞೆ ಎಂಬುದು ಆ ಮಕ್ಕಳ ನಂಬಿಕೆ. ಒಂದು ದಿನ ಬಿಲ್ಲಿ ಕೈ ಎತ್ತಲಿಲ್ಲ. ಟೀಚರ್ ಅವನ ತೋಳು ಹಿಡಿದು ಮೇಲೆಳೆದರು. ಅವನು ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತ. ಮರುದಿನ ಲಿಲಿಯನ್ ಕೂಡ ಸುಮ್ಮನೆ ಕುಳಿತಳು. ತರಗತಿಯ ಅಧ್ಯಕ್ಷೆಯಾಗಿದ್ದ, ಎಲ್ಲರಿಗೂ ಬೇಕಾದ ಹುಡುಗಿ ಅವಳು. ಮುಂದೆ ಶಾಲೆಯ ಹತ್ತಿರ ಬಂದಾಗಲೆಲ್ಲ ಸಹಪಾಠಿಗಳು ಯೆಹೋವ ಬಂದಳು ಎಂದು ಕೂಗಿ ಸಣ್ಣ ಕಲ್ಲುಗಳನ್ನು ಎಸೆದರು.

ಬಿಲ್ಲಿ ಶಾಲಾ ಮಂಡಳಿಗೆ ತನ್ನ ಕೈಯಾರೆ ಬರೆದ ಪತ್ರ ಇವತ್ತಿಗೂ ಉಳಿದಿದೆ. ನನಗೆ ದೇಶದ ಮೇಲೆ ಪ್ರೀತಿಯಿಲ್ಲವೆಂದಲ್ಲ, ದೇವರ ಮೇಲೆ ಇನ್ನೂ ಹೆಚ್ಚು ಎಂಬುದು ಅದರ ತಿರುಳು. ಮಂಡಳಿ ಇಬ್ಬರನ್ನೂ ಹೊರಹಾಕಿತು. ಅಪ್ಪನ ಅಂಗಡಿಗೆ ಬಹಿಷ್ಕಾರದ ಬೆದರಿಕೆ ಬಂತು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ದಿನಸಿ ಅಂಗಡಿಯವನಿಗೆ ಗಿರಾಕಿ ಮುಖ ತಿರುಗಿಸಿದರೆ ಸಂಸಾರ ಬೀದಿಗೆ ಬಿದ್ದಂತೆಯೇ. ಮಕ್ಕಳು ದೂರದಲ್ಲಿ ಪಂಥದವರೇ ನಡೆಸುತ್ತಿದ್ದ ಶಾಲೆಗೆ ಹೋಗಬೇಕಾಯಿತು.

ಐದು ವರ್ಷದ ಬಳಿಕ, 1940ರ ಜೂನ್ 3ರಂದು ಸುಪ್ರೀಂ ಕೋರ್ಟ್ 8–1ರಲ್ಲಿ ಮಕ್ಕಳ ವಿರುದ್ಧ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್. ವಿಯೆನ್ನಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ವಲಸೆ ಬಂದ ಯಹೂದಿ. ಅಮೆರಿಕದ ಶಾಲೆಯೇ ತನ್ನನ್ನು ಅಮೆರಿಕನ್ನನಾಗಿ ಮಾಡಿತೆಂದು ನಂಬಿದವರು. ಅತ್ತ ಯುರೋಪಿನಲ್ಲಿ ಫ್ರಾನ್ಸ್ ಕುಸಿಯುತ್ತಿತ್ತು. ರಾಷ್ಟ್ರದ ಏಕತೆಯೇ ರಾಷ್ಟ್ರದ ರಕ್ಷಣೆಯ ಬುನಾದಿ, ಅದನ್ನು ಹೇಗೆ ಬೆಳೆಸಬೇಕೆಂಬುದನ್ನು ಶಾಲಾ ಮಂಡಳಿಗೇ ಬಿಡೋಣ ಎಂದರು ಅವರು. ಅವರನ್ನು ದುಷ್ಟನೆಂದು ತಳ್ಳಿಹಾಕುವುದು ಸುಲಭ. ನನಗೆ ಮನಸ್ಸು ಬರುವುದಿಲ್ಲ. ಹೆದರಿದ ದೇಶದಲ್ಲಿ ಒಳ್ಳೆಯವರು ಯೋಚಿಸುವ ರೀತಿಯೇ ಅದು. ಒಪ್ಪದೆ ಉಳಿದವರು ಹಾರ್ಲನ್ ಸ್ಟೋನ್ ಒಬ್ಬರೇ.

ತೀರ್ಪಿನ ಬೆನ್ನಲ್ಲೇ ನಡೆದದ್ದನ್ನು ಓದಿದರೆ ಹೊಟ್ಟೆ ತೊಳಸುತ್ತದೆ. ದೇಶದ ಅತ್ಯುನ್ನತ ಕೋರ್ಟೇ ಇವರನ್ನು ದ್ರೋಹಿಗಳೆಂದ ಮೇಲೆ ಇನ್ನೇನು ಎಂಬಂತೆ ಜನ ಬೀದಿಗಿಳಿದರು. ಕೋರ್ಟ್ ಹಾಗೆ ಹೇಳಿರಲಿಲ್ಲ, ಆದರೆ ಗುಂಪು ತೀರ್ಪಿನ ಪುಟ ತಿರುವಿ ನೋಡುತ್ತದೆಯೇ? ಮೇನ್ ರಾಜ್ಯದ ಕೆನೆಬಂಕ್‌ನಲ್ಲಿ ಸಾಕ್ಷಿಗಳ ಸಭಾಭವನಕ್ಕೆ ಬೆಂಕಿ ಬಿತ್ತು. ಇಲಿನಾಯ್ ರಾಜ್ಯದ ಲಿಚ್‌ಫೀಲ್ಡ್‌ನಲ್ಲಿ ಅವರ ಕಾರುಗಳನ್ನು ಜಖಂ ಮಾಡಿದರು. ಪಶ್ಚಿಮ ವರ್ಜೀನಿಯಾದ ರಿಚ್‌ವುಡ್‌ನಲ್ಲಿ ಡೆಪ್ಯುಟಿ ಶೆರಿಫ್ ಒಬ್ಬನೇ ಮುಂದೆ ನಿಂತು, ಹಿಡಿದು ತಂದ ಸಾಕ್ಷಿಗಳಿಗೆ ಹರಳೆಣ್ಣೆ ಕುಡಿಸಿ, ಹಗ್ಗ ಕಟ್ಟಿ ಬೀದಿಯಲ್ಲಿ ನಡೆಸಿ, ಬಾವುಟದ ಮುಂದೆ ನಿಲ್ಲಿಸಿದ. ಹರಳೆಣ್ಣೆ ಮುಸೊಲಿನಿಯ ಕರಿಯಂಗಿಗಳ ಮೆಚ್ಚಿನ ಅಸ್ತ್ರವಾಗಿತ್ತು. ಫ್ಯಾಸಿಸಂ ವಿರುದ್ಧ ಒಗ್ಗಟ್ಟಾಗಬೇಕೆಂದು ಕೂಗಿದವರ ಕೈಗೆ ಫ್ಯಾಸಿಸ್ಟರ ಬಾಟಲಿಯೇ ಬಂದಿತ್ತು. ಆ ಡೆಪ್ಯುಟಿಗೆ ಆಮೇಲೆ ಶಿಕ್ಷೆಯಾಯಿತು.

ಬಾವುಟದ ವಂದನೆಯೂ ಅಷ್ಟೇ. 1892ರಲ್ಲಿ ಪ್ರತಿಜ್ಞೆ ಹುಟ್ಟಿದಾಗಿನಿಂದ ಇದ್ದ ಆ ಚಾಚಿದ ಕೈ 1930ರ ದಶಕದ ಹೊತ್ತಿಗೆ ಹಿಟ್ಲರನಿಗೆ ಹೊಡೆಯುವ ಸೆಲ್ಯೂಟಿನಂತೆಯೇ ಕಾಣತೊಡಗಿತ್ತು. ಜರ್ಮನಿಯಲ್ಲಿ ಇದೇ ಪಂಥದವರು ಹಿಟ್ಲರನಿಗೆ ಕೈ ಎತ್ತದೆ ಯಾತನಾ ಶಿಬಿರ ಸೇರಿದ್ದರು; ಅಲ್ಲಿ ಅವರ ಗುರುತು ನೇರಳೆ ತ್ರಿಕೋನ. ಕೊನೆಗೆ 1942ರ ಡಿಸೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ ಎಚ್ಚೆತ್ತುಕೊಂಡು, ಕೈ ಎದೆಯ ಮೇಲಿಟ್ಟರೆ ಸಾಕು ಎಂದಿತು.

ಅಷ್ಟರಲ್ಲಿ ಕೋರ್ಟಿನೊಳಗೂ ಗಾಳಿ ತಿರುಗಿತ್ತು. ಫ್ರಾಂಕ್‌ಫರ್ಟರ್ ಜೊತೆ ಸಹಿ ಹಾಕಿದ್ದ ಬ್ಲ್ಯಾಕ್, ಡಗ್ಲಸ್, ಮರ್ಫಿ ಮೂವರೂ 1942ರಲ್ಲಿ ಬೇರೊಂದು ಪ್ರಕರಣದ ನೆಪದಲ್ಲಿ, ಅಂದಿನ ತೀರ್ಪು ತಪ್ಪಾಗಿತ್ತೆಂದು ಬಹಿರಂಗವಾಗಿ ಬರೆದರು. ಒಂಟಿಯಾಗಿದ್ದ ಸ್ಟೋನ್ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಪಶ್ಚಿಮ ವರ್ಜೀನಿಯಾದಲ್ಲಿ ಬಾರ್ನೆಟ್ ಕುಟುಂಬದ ಪುಟ್ಟ ಅಕ್ಕತಂಗಿಯರು ವಂದನೆ ಮಾಡದೆ ಶಾಲೆಯಿಂದ ಹೊರಬಿದ್ದಿದ್ದರು. ಅಲ್ಲಿನ ನಿಯಮದಡಿ ತಂದೆತಾಯಿಯನ್ನೂ ಜೈಲಿಗೆ ಕಳಿಸಬಹುದಿತ್ತು. ಆ ಪ್ರಕರಣದಲ್ಲಿ 1943ರ ಜೂನ್ 14ರಂದು, ಅಮೆರಿಕದ ಧ್ವಜ ದಿನದಂದೇ, ಯುದ್ಧದ ನಟ್ಟನಡುವೆ, ಕೋರ್ಟ್ 6–3ರಲ್ಲಿ ತನ್ನ ಹಳೆಯ ಮಾತನ್ನು ಹಿಂತೆಗೆದುಕೊಂಡಿತು.

ಆ ತೀರ್ಪನ್ನು ಬರೆದ ರಾಬರ್ಟ್ ಜಾಕ್ಸನ್ ಕಾನೂನು ಪದವಿಯನ್ನೇ ಪಡೆಯದೆ ವಕೀಲರಾದವರು, ಮುಂದೆ ನ್ಯೂರೆಂಬರ್ಗಿನಲ್ಲಿ ನಾಜಿಗಳ ವಿರುದ್ಧ ವಾದಿಸಿದವರು. ಭಿನ್ನಮತವನ್ನು ಬಲವಂತದಿಂದ ಅಳಿಸಹೊರಟವರು ಕಡೆಗೆ ಭಿನ್ನಮತೀಯರನ್ನೇ ಅಳಿಸತೊಡಗುತ್ತಾರೆ, ಆಗ ಸಿಗುವ ಒಗ್ಗಟ್ಟು ಸ್ಮಶಾನದ್ದು ಎಂಬ ಅರ್ಥದಲ್ಲಿ ಬರೆದರು. ಅವರ ಜಾಣತನ ಇನ್ನೊಂದು ಕಡೆಯಿತ್ತು. ಸಾಕ್ಷಿಗಳ ಧರ್ಮಕ್ಕೆ ವಿನಾಯಿತಿ ಎನ್ನಲಿಲ್ಲ; ಮನಸ್ಸಿನಲ್ಲಿಲ್ಲದ್ದನ್ನು ಬಾಯಲ್ಲಿ ಹೇಳಿಸುವ ಅಧಿಕಾರ ಸರ್ಕಾರಕ್ಕೆ ಯಾರ ಮೇಲೂ ಇಲ್ಲ ಎಂದರು. ಹಾಗಾಗಿ ನಾಸ್ತಿಕನಿಗೂ ಆ ರಕ್ಷಣೆ ಸಿಕ್ಕಿತು, ಯುದ್ಧವಿರೋಧಿಗೂ ಸಿಕ್ಕಿತು.

ತೀರ್ಪು ಸಮುದ್ರ ದಾಟಿ ನಮ್ಮಲ್ಲಿಗೂ ಬಂತು. 1985ರಲ್ಲಿ ಕೇರಳದ ಮೂವರು ಮಕ್ಕಳು, ಅದೇ ಪಂಥದವರು, ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಬಿದ್ದರು. 1986ರ ಆಗಸ್ಟಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅಮೆರಿಕದ ಈ ಎರಡೂ ತೀರ್ಪುಗಳನ್ನು ತೂಗಿನೋಡಿ ಮಕ್ಕಳ ಪರ ನಿಂತಿತು. ಬರೆದವರು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ. ಹೌದು, ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ವರದಿಯಿಂದ ನಮಗೆ ಪರಿಚಿತರಾದ ಅದೇ ಚಿನ್ನಪ್ಪ ರೆಡ್ಡಿ.

ಆದರೆ ಕೋರ್ಟ್ ಕಟ್ಟಿಹಾಕಬಲ್ಲದ್ದು ಸರ್ಕಾರದ ಕೈಯನ್ನು ಮಾತ್ರ. 2016ರಲ್ಲಿ ಫುಟ್‌ಬಾಲ್ ಆಟಗಾರ ಕಾಲಿನ್ ಕೇಪರ್ನಿಕ್ ಕರಿಯರ ಮೇಲಿನ ಪೊಲೀಸ್ ದೌರ್ಜನ್ಯವನ್ನು ಪ್ರತಿಭಟಿಸಿ ರಾಷ್ಟ್ರಗೀತೆಯ ವೇಳೆ ಮಂಡಿಯೂರಿದಾಗ ಯಾವ ಪೊಲೀಸರೂ ಅವರನ್ನು ಬಂಧಿಸಲಿಲ್ಲ. ಆ ಋತುವಿನ ನಂತರ ಅವರು ಲೀಗಿನ ಯಾವ ತಂಡಕ್ಕೂ ಆಡಲಿಲ್ಲ, ಅಷ್ಟೇ. ದಿನಸಿ ಅಂಗಡಿಗೆ ಬರುವುದನ್ನು ನಿಲ್ಲಿಸುತ್ತೇವೆಂದ ಗಿರಾಕಿಗಳ ವಿರುದ್ಧವೂ ಯಾವ ತೀರ್ಪೂ ಕೆಲಸ ಮಾಡುತ್ತಿರಲಿಲ್ಲ.

ಇನ್ನೊಂದು ಗಂಟು ಹಾಗೇ ಉಳಿದಿದೆ. ಈ ಸ್ವಾತಂತ್ರ್ಯ ಮಗುವಿನದೋ, ಹೆತ್ತವರದೋ? ಫ್ಲಾರಿಡಾದ ಕಾನೂನಿನಲ್ಲಿ, ಪ್ರತಿಜ್ಞೆ ಹೇಳದಿರಲು ವಿದ್ಯಾರ್ಥಿಗೆ ತಂದೆತಾಯಿಯ ಲಿಖಿತ ಕೋರಿಕೆ ಬೇಕು. ಅದು ಹೆತ್ತವರ ಹಕ್ಕಿನ ವಿಷಯವೆಂದು 2008ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಬಿಲ್ಲಿ, ಲಿಲಿಯನ್ನರ ಹಿಂದೆ ಅಪ್ಪ ಅಮ್ಮ ಬಂಡೆಯಂತಿದ್ದರು, ಸರಿ. ಮನೆಯವರ ಮಾತಿಗೂ ಒಗ್ಗದ, ತನ್ನದೇ ಕಾರಣವಿರುವ ಹದಿನಾರರ ಹುಡುಗಿ ಯಾರ ಸಹಿ ತರಬೇಕು?