ಹೊತ್ತವನಿಗೆ ಶಿಕ್ಷೆ, ಕೊಂಡವನಿಗೆ ರಕ್ಷೆ

2021ರ ಮಾರ್ಚ್ 28ರಂದು ಗಲಾಪಗೋಸ್ ದ್ವೀಪಗಳ ಬಾಲ್ಟ್ರಾ ವಿಮಾನ ನಿಲ್ದಾಣದಲ್ಲಿ, ಈಕ್ವೆಡಾರ್ ಮುಖ್ಯಭೂಮಿಯ ಗ್ವಾಯಕಿಲ್ ನಗರಕ್ಕೆ ಹೊರಟಿದ್ದ ಒಂದು ಸೂಟ್‌ಕೇಸ್ ಎಕ್ಸ್‌ರೇ ತಪಾಸಣೆಯಲ್ಲಿ ಸಿಕ್ಕಿಬಿತ್ತು. ಒಳಗೆ 185 ದೈತ್ಯ ಆಮೆಯ ಮರಿಗಳಿದ್ದವು. ಮೂರು ತಿಂಗಳೂ ತುಂಬದ ಆ ಮರಿಗಳನ್ನು ಅಲುಗಾಡದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದು ಜೋಡಿಸಿಡಲಾಗಿತ್ತು. ಪೆಟ್ಟಿಗೆ ತೆರೆದಾಗ ಹತ್ತು ಮರಿಗಳು ಸತ್ತಿದ್ದವು. ಈ ಪ್ರಕರಣದಲ್ಲಿ ಮೂರು ವರ್ಷದ ಜೈಲು ಶಿಕ್ಷೆಯಾದದ್ದು ಒಬ್ಬ ಪೊಲೀಸನಿಗೆ.

ಬೇಲಿಯೇ ಎದ್ದು ಹೊಲ ಮೇಯಿತು ಎಂದು ಹೇಳಿ ಈ ಕಡತವನ್ನು ಮುಚ್ಚಿಬಿಡುವುದು ಸುಲಭ. ಮುಚ್ಚಬಾರದು. ಗ್ವಾಯಕಿಲ್‌ನಲ್ಲಿ ಆ ಸೂಟ್‌ಕೇಸಿಗಾಗಿ ಕಾಯುತ್ತಿದ್ದವರು ಯಾರು, ಅಲ್ಲಿಂದ ಮರಿಗಳು ಯಾವ ದೇಶದ ಯಾವ ಶ್ರೀಮಂತನ ಹಿತ್ತಲಿಗೆ ಹೋಗಬೇಕಿತ್ತು? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಆ ಮೂರು ವರ್ಷದ ಶಿಕ್ಷೆಯನ್ನು ನ್ಯಾಯ ಎಂದು ಕರೆಯಲು ನಾವು ಸಿದ್ಧರಿಲ್ಲ.

ಕಳುವಾದದ್ದರ ಬೆಲೆ ಏನೆಂದು ಅರಿಯಲು ಎಸ್ಪನ್ಯೋಲಾ ದ್ವೀಪದ ಕಥೆಯೊಂದೇ ಸಾಕು. ಕಡಲ್ಗಳ್ಳರು, ತಿಮಿಂಗಿಲ ಬೇಟೆಯ ಹಡಗಿನವರು ಶತಮಾನಗಳ ಕಾಲ ಆಮೆಗಳನ್ನು ಜೀವಂತ ಮಾಂಸದ ದಾಸ್ತಾನಾಗಿ ಹೊತ್ತೊಯ್ದ ಮೇಲೆ ಆ ದ್ವೀಪದಲ್ಲಿ ಉಳಿದದ್ದು ಹದಿನಾಲ್ಕೇ ಆಮೆಗಳು. ಹನ್ನೆರಡು ಹೆಣ್ಣು, ಎರಡು ಗಂಡು. ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದಿಂದ ಡಿಯಾಗೊ ಎಂಬ ಇನ್ನೊಂದು ಗಂಡನ್ನು ತರಿಸಿ, ಹದಿನೈದು ಆಮೆಗಳಿಂದ ಒಂದು ಇಡೀ ಸಂತತಿಯನ್ನು ಮತ್ತೆ ಕಟ್ಟಲಾಯಿತು. ಮರಿಯೊಂದು ಮೊಟ್ಟೆಯಿಡುವಷ್ಟು ಬೆಳೆಯಲು ಇಪ್ಪತ್ತರಿಂದ ಇಪ್ಪತ್ತೈದು ವರ್ಷ ಬೇಕು. ಸುಮಾರು ಎರಡು ಸಾವಿರ ಆಮೆಗಳು ದ್ವೀಪ ಸೇರಿದ ಮೇಲೆ, 2020ರಲ್ಲಿ, ಆ ಹದಿನೈದು ಹಿರಿಯರನ್ನೂ ತವರಿಗೆ ಬಿಡಲಾಯಿತು. ಅರ್ಧ ಶತಮಾನದ ಶ್ರಮ ಅದು. ಪಿಂಟಾ ದ್ವೀಪಕ್ಕೆ ಆ ಅದೃಷ್ಟವೂ ಇರಲಿಲ್ಲ. ಅಲ್ಲಿನ ಕೊನೆಯ ಆಮೆ, ಒಂಟಿ ಜಾರ್ಜ್, 2012ರ ಜೂನ್ 24ರಂದು ಸತ್ತಾಗ ಅದರ ಸಂತತಿಯೂ ಮುಗಿಯಿತು. ಇದೆಲ್ಲ ಕಣ್ಣೆದುರೇ ನಡೆದ ನಾಡಿನಲ್ಲಿ, 2018ರಲ್ಲಿ ಇಸಬೆಲಾ ದ್ವೀಪದ ಆಮೆ ಸಾಕಣೆ ಕೇಂದ್ರದಿಂದಲೇ 123 ಮರಿಗಳು ಕಳುವಾದವು. ಕಾವಲು, ಬೇಲಿ, ಲೆಕ್ಕದ ಪುಸ್ತಕ ಎಲ್ಲವೂ ಇದ್ದ ಜಾಗವದು.

ಗಲಾಪಗೋಸ್ ಅಂತಿಂಥ ಊರಲ್ಲ. 1832ರಲ್ಲಿ ಈಕ್ವೆಡಾರ್ ಈ ದ್ವೀಪಗಳನ್ನು ತನ್ನದಾಗಿಸಿಕೊಂಡು ಕೈದಿಗಳ ವಸಾಹತು ಮಾಡಿತು. ಇಸಬೆಲಾದಲ್ಲಿದ್ದ ಕೊನೆಯ ಕೈದಿ ಶಿಬಿರ ಮುಚ್ಚಿದ್ದು 1959ರಲ್ಲಿ. ದ್ವೀಪಗಳು ರಾಷ್ಟ್ರೀಯ ಉದ್ಯಾನವಾದದ್ದೂ ಅದೇ ವರ್ಷ. ಇಂದು ನೆಲದ ನೂರಕ್ಕೆ 97 ಭಾಗ ಉದ್ಯಾನ. ಉಳಿದ ಚೂರಿನಲ್ಲಿ ಮೂವತ್ತು ಸಾವಿರದಷ್ಟು ಜನ ಬದುಕುತ್ತಾರೆ. 1998ರ ವಿಶೇಷ ಕಾನೂನಿನಂತೆ ಅಲ್ಲಿ ನೆಲೆಸಲು ಈಕ್ವೆಡಾರ್‌ನ ಪ್ರಜೆಗೂ ಸುಲಭವಾಗಿ ಅನುಮತಿ ಸಿಗದು. ಪ್ರವಾಸಿಗರು ಒಂದು ಚಿಪ್ಪನ್ನಾಗಲಿ, ಲಾವಾ ಕಲ್ಲಿನ ಚೂರನ್ನಾಗಲಿ ಒಯ್ಯುವಂತಿಲ್ಲ. 2008ರ ಸಂವಿಧಾನದಲ್ಲಿ ಪ್ರಕೃತಿಗೇ ಹಕ್ಕುಗಳನ್ನು ಬರೆದುಕೊಟ್ಟ ಮೊದಲ ದೇಶ ಈಕ್ವೆಡಾರ್. ಜಗತ್ತು ಅದನ್ನು ಮೆಚ್ಚಿತು, ನಾವೂ ಮೆಚ್ಚಿದೆವು. ಅದಕ್ಕೇ ಈಗ ಕಟುವಾಗಿ ಕೇಳುವ ಅಧಿಕಾರವೂ ನಮಗಿದೆ.

ಕಡಲಿನ ಕಥೆಯೂ ಬೇರೆಯಲ್ಲ. 2017ರ ಆಗಸ್ಟ್‌ನಲ್ಲಿ ಫು ಯುವಾನ್ ಯು ಲೆಂಗ್ 999 ಎಂಬ ಚೀನೀ ಹಡಗು ಗಲಾಪಗೋಸ್ ಸಮುದ್ರ ಮೀಸಲು ಪ್ರದೇಶದೊಳಗೆ ಸೆರೆಸಿಕ್ಕಿತು. ಅದರ ಶೀತಲ ಉಗ್ರಾಣದಲ್ಲಿ ಸುಮಾರು 300 ಟನ್ ಮೀನು. ಅದರಲ್ಲಿ ಆರು ಸಾವಿರಕ್ಕೂ ಹೆಚ್ಚು ಶಾರ್ಕ್‌ಗಳು. ಸುತ್ತಿಗೆ ತಲೆಯ ಅಪರೂಪದ ಶಾರ್ಕ್‌ಗಳೂ ಇದ್ದವು. ಇಷ್ಟನ್ನು ಆ ಒಂದೇ ಹಡಗು ಹಿಡಿದಿರಲಿಲ್ಲ. ಅದು ಬೇರೆ ದೋಣಿಗಳ ಸರಕನ್ನು ನಡುಗಡಲಲ್ಲಿ ತುಂಬಿಕೊಂಡು ಸಾಗಿಸುವ ಹಡಗು. ಎರಡೇ ವಾರದಲ್ಲಿ ತೀರ್ಪು ಬಂತು: ಸಿಬ್ಬಂದಿಗೆ ಗರಿಷ್ಠ ನಾಲ್ಕು ವರ್ಷ ಜೈಲು, 59 ಲಕ್ಷ ಡಾಲರ್ ದಂಡ. ದ್ವೀಪದ ಜನ ಬೀದಿಗಿಳಿದು ಕೂಗಿದ್ದನ್ನೂ ಗೌರವದಿಂದ ದಾಖಲಿಸುತ್ತೇವೆ.

ಆದರೆ ಅದೇ ದೇಶ ಮುಖ್ಯಭೂಮಿಯ ಬಂದರುಗಳಲ್ಲಿ ಏನು ಮಾಡಿತ್ತು? 2004ರಲ್ಲಿ ಶಾರ್ಕ್ ಈಜುರೆಕ್ಕೆಯ ರಫ್ತನ್ನು ನಿಷೇಧಿಸಿದ ಈಕ್ವೆಡಾರ್, 2007ರ ಅಧ್ಯಕ್ಷೀಯ ಆದೇಶ 486ರ ಮೂಲಕ ಒಂದು ಕಂಡಿ ಬಿಟ್ಟುಕೊಟ್ಟಿತು: ಬೇರೆ ಮೀನಿಗೆ ಬೀಸಿದ ಬಲೆಯಲ್ಲಿ ಅಕಸ್ಮಾತ್ತಾಗಿ ಸಿಕ್ಕ ಶಾರ್ಕ್ ಆದರೆ ಅದರ ಈಜುರೆಕ್ಕೆ ಮಾರಬಹುದು. ಪ್ರಕೃತಿಗೆ ಹಕ್ಕು ಕೊಡುವ ಸಂವಿಧಾನಕ್ಕೆ ಒಂದು ವರ್ಷ ಮೊದಲು ಹೊರಟ ಆದೇಶವಿದು. ಅಲ್ಲಿಂದ ಮುಂದೆ ಅಕಸ್ಮಾತ್ ಎಂಬುದೇ ಒಂದು ದಂಧೆಯಾಯಿತು. 2020ರಲ್ಲಿ ಹಾಂಗ್‌ಕಾಂಗ್ ಸುಂಕದ ಅಧಿಕಾರಿಗಳು ಈಕ್ವೆಡಾರ್‌ನಿಂದ ಬಂದ ಎರಡು ಕಂಟೇನರ್‌ಗಳಲ್ಲಿ 26 ಟನ್ ಈಜುರೆಕ್ಕೆ ಹಿಡಿದರು. ಅದು 38,500 ಶಾರ್ಕ್‌ಗಳದ್ದೆಂದು ಅವರೇ ಅಂದಾಜಿಸಿದರು. ಅಷ್ಟು ಶಾರ್ಕ್‌ಗಳು ಬಲೆಗೆ ತಾವಾಗಿಯೇ ಬಂದು ಬೀಳುವುದಿಲ್ಲ. ಅವು ಗಲಾಪಗೋಸ್‌ನ ನೀರಿನವೋ ಅಲ್ಲವೋ ಎಂದು ಹೇಳುವುದೂ ಕಷ್ಟ. ಈಜುರೆಕ್ಕೆ ಕತ್ತರಿಸಿ ಒಣಗಿಸಿದ ಮೇಲೆ ಅದು ಎಲ್ಲಿಯದೆಂದು ಹೇಳುವುದು ಬಹುಮಟ್ಟಿಗೆ ಕಾಗದವೇ. ಕಾಗದ ಬರೆಯುವವನು ಬಂದರಿನಲ್ಲಿ ಕೂತಿರುತ್ತಾನೆ.

ದ್ವೀಪದ ಬಡ ಮೀನುಗಾರರ ಹೊಟ್ಟೆಪಾಡಿನ ಮಾತನ್ನು ಇಂಥಲ್ಲೆಲ್ಲ ಮುಂದೆ ಮಾಡಲಾಗುತ್ತದೆ. ಹೊಟ್ಟೆಪಾಡು ಸುಳ್ಳಲ್ಲ. 1994ರಲ್ಲಿ ಕಡಲ ಸೌತೆ ಎಂಬ ಮೆತ್ತನೆಯ ಜೀವಿಯನ್ನು ಹಿಡಿಯಲು ಮೂರು ತಿಂಗಳ ಅವಕಾಶ ಕೊಟ್ಟು, ಐದೂವರೆ ಲಕ್ಷದ ಮಿತಿ ಹಾಕಿದರು. ಹಿಡಿದದ್ದು ಹತ್ತಾರು ಲಕ್ಷ. ಅವಧಿಗೆ ಮುನ್ನ ನಿಲ್ಲಿಸಿದ್ದಕ್ಕೆ ಸಿಟ್ಟಾದ ಮೀನುಗಾರರು 1995ರ ಜನವರಿಯಲ್ಲಿ ಚಾರ್ಲ್ಸ್ ಡಾರ್ವಿನ್ ಸಂಶೋಧನಾ ಕೇಂದ್ರಕ್ಕೇ ಮುತ್ತಿಗೆ ಹಾಕಿ, ಅಲ್ಲಿನ ಆಮೆಗಳಿಗೆ ಕೈ ಹಚ್ಚುವುದಾಗಿ ಬೆದರಿಸಿದರು. ಮುಂದಿನ ವರ್ಷಗಳಲ್ಲಿ ಕಡಲ ಸೌತೆ ಬರಿದಾಯಿತು. ದೊಡ್ಡ ಹಣ ಏಷ್ಯಾದ ವ್ಯಾಪಾರಿಗಳ ಪಾಲಾಯಿತು, ಬರಿದಾದ ಕಡಲು ಮೀನುಗಾರರ ಪಾಲಿಗೆ ಉಳಿಯಿತು. ಬಡವರ ಹೆಸರಿನಲ್ಲಿ ಕಳ್ಳಸಾಗಣೆಗೆ ರಿಯಾಯಿತಿ ಕೇಳುವವರು ಈ ಲೆಕ್ಕವನ್ನೊಮ್ಮೆ ನೋಡಲಿ.

ಹಣವಿಲ್ಲ ಎಂಬ ನೆಪವೂ ಈಗ ನಡೆಯದು. 2023ರ ಮೇ ತಿಂಗಳಲ್ಲಿ ಈಕ್ವೆಡಾರ್ ತನ್ನ 160 ಕೋಟಿ ಡಾಲರಿನಷ್ಟು ಹಳೆಯ ಸಾಲಪತ್ರಗಳನ್ನು ಅಗ್ಗದ ಹೊಸ ಸಾಲಕ್ಕೆ ಬದಲಾಯಿಸಿಕೊಂಡು, ಉಳಿತಾಯದ ಪಾಲನ್ನು ಗಲಾಪಗೋಸ್ ಸಂರಕ್ಷಣೆಗೆ ಕೊಡುವುದಾಗಿ ಒಪ್ಪಿತು. 2024ರ ಆಗಸ್ಟ್‌ನಿಂದ ಬಹುತೇಕ ವಿದೇಶಿ ಪ್ರವಾಸಿಗರ ಪ್ರವೇಶ ಶುಲ್ಕ 100 ಡಾಲರಿನಿಂದ 200ಕ್ಕೆ ಏರಿದೆ. ಈ ಹಣದಲ್ಲಿ ಮೊದಲ ಪಾಲು ತನಿಖೆಗೆ ಸಲ್ಲಬೇಕು. ಕಡಲಲ್ಲಿ ದೋಣಿ ಹಿಡಿಯುವಷ್ಟೇ ಶ್ರದ್ಧೆಯಿಂದ ಗ್ವಾಯಕಿಲ್‌ನ ಗೋದಾಮು, ಬ್ಯಾಂಕ್ ಖಾತೆಗಳನ್ನು ಜಾಲಾಡುವ ಅಧಿಕಾರಿಗಳು ಬೇಕು.

ಕರ್ನಾಟಕದ ಓದುಗರು ಇದನ್ನು ದೂರದ ಸಾಗರದ ಸುದ್ದಿ ಎಂದುಕೊಳ್ಳಬೇಕಿಲ್ಲ. ನಮ್ಮ ನಕ್ಷತ್ರ ಆಮೆಗಳು ಇದೇ ರೀತಿ ಸೂಟ್‌ಕೇಸ್‌ಗಳಲ್ಲಿ ಚೆನ್ನೈ, ಬೆಂಗಳೂರು ವಿಮಾನ ನಿಲ್ದಾಣಗಳ ಮೂಲಕ ಹೊರಹೋಗುತ್ತ ಪದೇಪದೇ ಸಿಕ್ಕಿಬಿದ್ದಿವೆ. 2019ರಲ್ಲಿ ಅವುಗಳನ್ನು ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಒಂದನೇ ಅನುಬಂಧಕ್ಕೆ ಸೇರಿಸಿ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲಾಯಿತು. ಒಳಬರುವ ದಾರಿಯೂ ಇದೆ: ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರ ಚೀಲಗಳಲ್ಲಿ ಹಾವು, ಆಮೆ, ಓತಿಗಳು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಿಗುತ್ತಲೇ ಇವೆ. ಅವು ನಮ್ಮದೇ ಮನೆಗಳ ಗಾಜಿನ ತೊಟ್ಟಿಗಳಿಗೆ ಹೊರಟವು. ಅಂಥ ಪ್ರಾಣಿ ಇಟ್ಟುಕೊಂಡವರು ಆರು ತಿಂಗಳೊಳಗೆ ಘೋಷಿಸಿಕೊಂಡರೆ ಕಾಗದಪತ್ರ ಕೇಳುವುದಿಲ್ಲ ಎಂದು 2020ರಲ್ಲಿ ಕೇಂದ್ರ ಸರ್ಕಾರವೇ ಹೇಳಿತ್ತು. ಕೊಂಡವನನ್ನು ಅಪರಾಧಿಯೆಂದು ನೋಡುವ ಮನಸ್ಸು ಇಲ್ಲಿಯೂ ಇನ್ನೂ ಬಂದಿಲ್ಲ.

ನಮ್ಮ ನಿಲುವು ಇಷ್ಟು. ಅಕಸ್ಮಾತ್ ಎಂಬ ಹೆಸರಿನಲ್ಲಿ ಶಾರ್ಕ್ ಈಜುರೆಕ್ಕೆ ಈಕ್ವೆಡಾರ್‌ನ ಬಂದರು ದಾಟುವುದು ಪೂರ್ತಿ ನಿಲ್ಲಬೇಕು. ಆಮೆ ಮರಿಯನ್ನು ತರಿಸಿಕೊಳ್ಳುವ ಕೊಳ್ಳುಗನಿಗೆ ಅದನ್ನು ಹೊತ್ತವನಿಗಿಂತ ಕಡಿಮೆ ಶಿಕ್ಷೆ ಎಲ್ಲಿಯೂ ಇರಬಾರದು. ನಿಮ್ಮ ಬೀದಿಯ ಸಾಕುಪ್ರಾಣಿ ಅಂಗಡಿಯಲ್ಲಿ ನಕ್ಷತ್ರ ಆಮೆಯನ್ನೋ, ಹೆಸರು ಗೊತ್ತಿಲ್ಲದ ವಿದೇಶಿ ಓತಿಯನ್ನೋ ಮಾರುತ್ತಿರುವುದು ಕಂಡರೆ ಕೊಳ್ಳಬೇಡಿ; ಅಂದೇ ಅರಣ್ಯ ಇಲಾಖೆಗೆ ದೂರು ಕೊಡಿ.